ನಾಲ್ಕು ಚೆಸ್ ಯಂತ್ರ, ಒಂದು ಪವರ್ ಪೆಟ್ಟಿಗೆ: ಹುಬ್ಬಳ್ಳಿ ಮೇಜಿನ ಟೂರ್ನಿಯ ಕೆಲಸದ ಟಿಪ್ಪಣಿ

ಮೇಜಿನ ಮೇಲಿರುವುದು ನಾಲ್ಕು ಯಂತ್ರ. ಮೊದಲನೆಯದು ಫಿಡೆಲಿಟಿ ಚೆಸ್ ಚಾಲೆಂಜರ್ 7. 1979ರ ಕಾಲದ್ದು, ಒಳಗೆ ಝಡ್80 ಚಿಪ್, ಬಲಗಡೆ ಕೀಪ್ಯಾಡ್, ನಾಲ್ಕು ಅಂಕಿಯ ಕೆಂಪು ಡಿಸ್‌ಪ್ಲೇ. ಅದರ ಬೋರ್ಡಿಗೆ ಸೆನ್ಸರ್ ಇಲ್ಲ, ಕಾಯಿ ಎಲ್ಲಿದೆ ಎಂಬುದು ಯಂತ್ರಕ್ಕೆ ಕೀ ಒತ್ತಿದರೆ ಮಾತ್ರ ತಿಳಿಯುತ್ತದೆ. ಎರಡನೆಯದು ನೊವಾಗ್ ಸೂಪರ್ ಕಾನ್‌ಸ್ಟಲೇಷನ್, 1984ರದ್ದು. 6502 ಚಿಪ್, 4 ಮೆಗಾಹರ್ಟ್ಸ್, ಡೇವಿಡ್ ಕಿಟಿಂಜರ್ ಬರೆದ ಪ್ರೋಗ್ರಾಂ. ಕಾಯಿ ಬಲಿ ಕೊಟ್ಟು ದಾಳಿಗೆ ಇಳಿಯುವ ಚಟಕ್ಕೆ ಹೆಸರಾದದ್ದು. ಮೂರನೆಯದು ಸೈಟೆಕ್ ಜಿಕೆ 2000. 10 ಮೆಗಾಹರ್ಟ್ಸ್ ಹಿಟಾಚಿ ಎಚ್8 ಚಿಪ್ಪಿನ ಮೇಲೆ ಫ್ರಾನ್ಸ್ ಮಾರ್ಶ್ ಅವರ ಪ್ರೋಗ್ರಾಂ, 1990ರ ದಶಕದ ಶುರುವಿನದು. ನಾಲ್ಕನೆಯದು ಮಿಲೇನಿಯಂ ಚೆಸ್‌ಜೀನಿಯಸ್. ರಿಚರ್ಡ್ ಲ್ಯಾಂಗ್ ಪ್ರೋಗ್ರಾಂ, ಎಆರ್‌ಎಂ ಚಿಪ್, 2015ರ ಹೊತ್ತಿನದು.

ಯಾವುದು ಗೆಲ್ಲುತ್ತದೆ ಎಂದು ಕೇಳಿದರೆ ಉತ್ತರ ಆಗಲೇ ಗೊತ್ತು. ಕುತೂಹಲ ಇರುವುದು ನಡುವಿನ ಜಾಗಗಳಲ್ಲಿ: ಎರಡನೆಯದು ಮೂರನೆಯದಕ್ಕೆ ಎಷ್ಟು ಹೊತ್ತು ತಡೆದೀತು, ಯಾವ ಆರಂಭದಲ್ಲಿ ಹಳೆಯದು ಹೊಸದನ್ನು ಕಾಡೀತು. ಆದರೆ ಕರೆಂಟು, ಒತ್ತುವ ಮನೆ, ಸಮಯ, ಓಪನಿಂಗ್ ಬುಕ್ (ಯಂತ್ರದಲ್ಲಿ ಮೊದಲೇ ತುಂಬಿಟ್ಟ ಆರಂಭದ ನಡೆಗಳು), ಈ ನಾಲ್ಕೂ ಬರೋಬ್ಬರಿ ಆಗುವ ತನಕ ಬಂದ ಅಂಕಪಟ್ಟಿಗೆ ಬೆಲೆ ಇಲ್ಲ. ಹೀಗಾಗಿ ಈ ಟಿಪ್ಪಣಿಯಲ್ಲಿ ಆಟಕ್ಕಿಂತ ಆಟದ ಹಿಂದಿನ ಕೆಲಸವೇ ಜಾಸ್ತಿ.

ಐದನೇ ಯಂತ್ರ ಸೇರಿಸುವ ಆಸೆ ಇದ್ದರೆ ಮೊದಲು ಅದರೊಳಗಿನ ಪ್ರೋಗ್ರಾಂ ಯಾರದು ಎಂದು ಪತ್ತೆ ಮಾಡಿ. ಡಬ್ಬಿ ಬೇರೆ, ಹೆಸರು ಬೇರೆ, ಒಳಗೆ ಮಾತ್ರ ಅದೇ ಮಾರ್ಶ್ ಪ್ರೋಗ್ರಾಂ ಇರುವ ಯಂತ್ರಗಳು ಹಲವು ಬಂದಿವೆ. ಅಂಥ ಎರಡನ್ನು ಎದುರುಬದುರು ಕೂರಿಸಿದರೆ ಕನ್ನಡಿಯ ಜೊತೆ ಆಡಿದ ಹಾಗೆ. ಮೆಫಿಸ್ಟೊ ಎಂಬ ಚೆಸ್ ಯಂತ್ರಗಳ ಪ್ರೋಗ್ರಾಂ ಮಾಡ್ಯೂಲುಗಳು ಸಿಕ್ಕರೆ ಗುರುತು ಹಿಡಿಯುವುದು ಸುಲಭ: ಆಮ್‌ಸ್ಟರ್‌ಡ್ಯಾಮ್, ಡಲ್ಲಾಸ್, ರೋಮಾ, ಅಲ್ಮೇರಿಯಾ, ಲಿಯೋನ್, ವ್ಯಾಂಕೂವರ್ ಎಂದು ಮೈಕ್ರೋಕಂಪ್ಯೂಟರ್ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರುಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದಾರೆ.

ಕರೆಂಟಿನ ಪೆಟ್ಟಿಗೆ

ಈ ಯಂತ್ರಗಳು ನಮ್ಮ ಕಡೆಯ ಅಂಗಡಿಗಳಲ್ಲಿ ಮಾರಾಟವಾದದ್ದು ಕಡಿಮೆ. ವಿದೇಶದಲ್ಲಿರುವ ನೆಂಟರ ಪೆಟ್ಟಿಗೆಯಲ್ಲಿ ಬಂದವೇ ಹೆಚ್ಚು. ಜೊತೆಗೆ ಬಂದ ಅಡಾಪ್ಟರನ್ನು ಗೋಡೆಗೆ ಚುಚ್ಚುವ ಮುಂಚೆ ಲೇಬಲ್ ಓದಿ. ‘ಇನ್‌ಪುಟ್ 120 ವೋಲ್ಟ್, 60 ಹರ್ಟ್ಸ್’ ಎಂದಿದ್ದರೆ ಅದು ಅಮೆರಿಕದ್ದು. ನಮ್ಮ 230 ವೋಲ್ಟಿಗೆ ಹಾಕಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಕೆಲವೇ ನಿಮಿಷದಲ್ಲಿ ಸುಡುತ್ತದೆ, ಅದಕ್ಕೂ ಮೊದಲೇ ಹೆಚ್ಚಾದ ವೋಲ್ಟೇಜು ಯಂತ್ರದೊಳಕ್ಕೆ ಹೋಗಿರುತ್ತದೆ. ಯುರೋಪಿನ 220 ವೋಲ್ಟ್ ಅಡಾಪ್ಟರ್ ಆದರೆ ನಡೆಯುತ್ತದೆ. ಆದರೂ ಹಳೆಯ ಕಬ್ಬಿಣದ ಅಡಾಪ್ಟರುಗಳಿಗೆ ರೆಗ್ಯುಲೇಷನ್ ಇಲ್ಲ. 9 ವೋಲ್ಟ್ ಎಂದು ಬರೆದದ್ದು ಭಾರ ಇಲ್ಲದಾಗ 12ರಿಂದ 14 ತೋರಿಸುವುದು ಮಾಮೂಲು, ಮೀಟರ್ ನೋಡಿ ಗಾಬರಿಯಾಗಬೇಡಿ.

ನಾಲ್ಕು ಯಂತ್ರಕ್ಕೆ ನಾಲ್ಕು ಅಡಾಪ್ಟರ್ ಜೋಡಿಸುವ ಬದಲು ಒಂದೇ ಪೆಟ್ಟಿಗೆ ಮಾಡುವುದು ಮೇಲು. ಬೇಕಾಗುವ ಸಾಮಾನು: ವೈಫೈ ರೌಟರಿಗೆ ಹಾಕುವ 12 ವೋಲ್ಟ್ 2 ಆಂಪ್ ಮಿನಿ ಯುಪಿಎಸ್ ಒಂದು, ಎಲ್‌ಎಂ2596 ಬಕ್ ಕನ್ವರ್ಟರ್ (ವೋಲ್ಟೇಜು ಇಳಿಸುವ) ಮಾಡ್ಯೂಲ್ ಮೂರು, 500 ಮಿಲಿಆಂಪ್ ಗಾಜಿನ ಫ್ಯೂಸು ಹೋಲ್ಡರ್ ಸಮೇತ ಮೂರು, 1ಎನ್5822 ಶಾಟ್‌ಕೀ ಡಯೋಡ್ ಮೂರು, 470 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಮೂರು, 2200 ಮೈಕ್ರೋಫ್ಯಾರಡ್ 25 ವೋಲ್ಟಿನದು ಒಂದು, ಮತ್ತು ಪರೀಕ್ಷೆಗೆ 47 ಓಮ್ 5 ವ್ಯಾಟ್ ರೆಸಿಸ್ಟರ್. ಕೊಪ್ಪಿಕರ್ ರಸ್ತೆಯ ಆಸುಪಾಸಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು. ಡಿಸಿ ಪಿನ್ನು ಕೊಳ್ಳುವಾಗ ಮಾತ್ರ ಯಂತ್ರವನ್ನೇ ಜೊತೆಗೆ ಒಯ್ಯಿರಿ. 5.5 ಮಿಲಿಮೀಟರ್ ಪಿನ್ನಿನಲ್ಲಿ ಒಳತೂತು 2.1 ಮತ್ತು 2.5 ಎಂದು ಎರಡು ಅಳತೆ ಇವೆ. ತೂತು ದೊಡ್ಡದಾದ ಪಿನ್ನು ಒಳಗೆ ಹೋಗುತ್ತದೆ, ಕಚ್ಚುವುದಿಲ್ಲ, ಆಟದ ನಡುವೆ ಮೇಜು ಅಲುಗಿದರೆ ಯಂತ್ರ ಆರುತ್ತದೆ.

ಮಿನಿ ಯುಪಿಎಸ್ ಯಾಕೆಂದರೆ, ಮಳೆಗಾಲದ ಸಂಜೆ ಕರೆಂಟು ಒಂದು ಸಲ ಕಣ್ಣು ಮಿಟುಕಿಸಿದರೂ ಮೆಮೊರಿಗೆ ಬ್ಯಾಟರಿ ಆಸರೆ ಇಲ್ಲದ ಹಳೆಯ ಯಂತ್ರ ಇಡೀ ಆಟ ಮರೆಯುತ್ತದೆ. ಯುಪಿಎಸ್ ಬ್ಯಾಟರಿಗೆ ಹೊರಳುವಾಗ ಕೆಲವು ಮಿಲಿಸೆಕೆಂಡ್ ವೋಲ್ಟೇಜು ಕುಸಿಯುವುದುಂಟು. ಅದಕ್ಕೇ ಬಕ್ ಮಾಡ್ಯೂಲುಗಳ ಇನ್‌ಪುಟ್ಟಿನಲ್ಲಿ ಆ 2200ರ ಕೆಪಾಸಿಟರ್. ಅರ್ಧ ಆಂಪ್ ಭಾರ ಇದ್ದಾಗ ಅದು 1 ವೋಲ್ಟ್ ಇಳಿಯಲು ಸುಮಾರು 4 ಮಿಲಿಸೆಕೆಂಡ್ ಹಿಡಿಯುತ್ತದೆ. ಯುಪಿಎಸ್ ಅದಕ್ಕಿಂತ ನಿಧಾನ ಎನಿಸಿದರೆ ಇಂಥವೇ ಎರಡು ಮೂರು ಪ್ಯಾರಲಲ್ ಹಾಕಿ.

ಬಕ್ ಮಾಡ್ಯೂಲಿನ ನೀಲಿ ಪ್ರೀಸೆಟ್ ಬಹುಸುತ್ತಿನದು. ಹೊಸ ಮಾಡ್ಯೂಲಿನಲ್ಲಿ ಹತ್ತಾರು ಸುತ್ತು ತಿರುಗಿಸುವ ತನಕ ಔಟ್‌ಪುಟ್ ಕದಲದೆ ಇರಬಹುದು, ಕೆಟ್ಟಿದೆ ಎಂದು ಎಸೆಯಬೇಡಿ. ಔಟ್‌ಪುಟ್ಟಿಗೆ ಶಾಟ್‌ಕೀ ಡಯೋಡ್ ಸೀರೀಸ್‌ನಲ್ಲಿ ಹಾಕಿ, ಡಯೋಡಿನ ಆಚೆಗೆ 47 ಓಮ್ ರೆಸಿಸ್ಟರ್ ಕಟ್ಟಿ, ಅದರ ಎರಡೂ ತುದಿಗೆ 9.0 ವೋಲ್ಟ್ ಬರುವಂತೆ ತಿರುಗಿಸಿ. ಆಗ ಸುಮಾರು 190 ಮಿಲಿಆಂಪ್ ಹರಿಯುತ್ತದೆ, ರೆಸಿಸ್ಟರ್ ಬಿಸಿಯಾಗುತ್ತದೆ, ಕೈ ಇಡಬೇಡಿ. ಭಾರ ಇಲ್ಲದೆ ಹೊಂದಿಸಿದ 9 ವೋಲ್ಟ್ ಯಂತ್ರ ಹಚ್ಚಿದಾಗ 0.3 ವೋಲ್ಟಿನಷ್ಟು ಇಳಿದೀತು, ಡಯೋಡು ತಿನ್ನುವುದು ಅಷ್ಟು.

ಇನ್ನು ಪ್ಲಸ್ಸು ಒಳಗೋ ಹೊರಗೋ ಎಂಬ ಪ್ರಶ್ನೆ. ಕಂಪನಿಗೊಂದು ರೂಢಿ, ಒಂದೇ ಕಂಪನಿಯ ಎರಡು ಕಾಲದ ಯಂತ್ರಕ್ಕೂ ಬೇರೆ. ಯಂತ್ರದ ಬೆನ್ನಿನ ಚಿತ್ರ ಮಾಸಿಹೋಗಿದ್ದರೆ ಬ್ಯಾಟರಿ ಖಾನೆಯ ಸಹಾಯ ಪಡೆಯಿರಿ. ಸೆಲ್ಲು ತೆಗೆದು, ಸರಣಿಯ ಕೊನೆಯ ಮೈನಸ್ ಸ್ಪ್ರಿಂಗಿಗೂ ಜಾಕಿನ ನಡುಪಿನ್ನಿಗೂ ಕಂಟಿನ್ಯೂಟಿ ನೋಡಿ. ಬೀಪ್ ಬಂದರೆ ನಡುಪಿನ್ನು ಮೈನಸ್. ಬಾರದಿದ್ದರೆ ಹೊರತೋಳನ್ನು ನೋಡಿ. ಎರಡಕ್ಕೂ ಬೀಪ್ ಬಾರದಿದ್ದರೆ ಜಾಕಿನೊಳಗಿನ ಸ್ವಿಚ್ ಆ ದಾರಿಯನ್ನು ಕಡಿದಿದೆ ಎಂದರ್ಥ, ಡಬ್ಬಿ ಬಿಚ್ಚಿ ತಾಮ್ರದ ಗೆರೆ ಹಿಡಿದು ಹೋಗಬೇಕು. ಆ ಸ್ವಿಚ್ಚೇ ಇನ್ನೊಂದು ತರಲೆಗೆ ಮೂಲ. ಪಿನ್ನು ಹಾಕಿದಾಗ ಬ್ಯಾಟರಿಯನ್ನು ಬಿಡಿಸುವುದು ಅದರ ಕೆಲಸ. ತುಕ್ಕು ಹಿಡಿದು ಪುನಃ ಕೂಡದೆ ಹೋದರೆ ಯಂತ್ರ ಅಡಾಪ್ಟರಿನಲ್ಲಿ ಚೆನ್ನಾಗಿ ಆಡುತ್ತದೆ, ಹೊಸ ಸೆಲ್ಲಿಗೆ ಜಪ್ಪಯ್ಯ ಅನ್ನುವುದಿಲ್ಲ.

ಚಾಲೆಂಜರ್ ಕಾಲದ ಯಂತ್ರಗಳಲ್ಲಿ ಇನ್ನೊಂದು ಎಚ್ಚರ. ಕೆಲವಕ್ಕೆ ಅಡಾಪ್ಟರಿನಿಂದ ಡಿಸಿ ಅಲ್ಲ, ಎಸಿ ಹೋಗುತ್ತದೆ. ಒಳಗೆ ನಾಲ್ಕು ಡಯೋಡಿನ ಪೂರ್ಣ ಬ್ರಿಡ್ಜ್ ಇದ್ದರೆ ಡಿಸಿ ಕೊಟ್ಟರೂ ನಡೆಯುತ್ತದೆ, ಬ್ರಿಡ್ಜ್ ಸುಮಾರು 1.4 ವೋಲ್ಟ್ ತಿನ್ನುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೂರು ತಂತಿಯ ಸೆಂಟರ್ ಟ್ಯಾಪ್ ಜೋಡಣೆ ಕಂಡರೆ ಈ ಪೆಟ್ಟಿಗೆಗೆ ಹಚ್ಚಲೇಬೇಡಿ. ಲೇಬಲ್ಲಿನಲ್ಲಿ ಬರೆದ ಸೆಕೆಂಡರಿ ವೋಲ್ಟೇಜಿನ 230 ವೋಲ್ಟ್ ಟ್ರಾನ್ಸ್‌ಫಾರ್ಮರ್ ಬೇರೆ ತನ್ನಿ. ಚೆಸ್‌ಜೀನಿಯಸ್ ಕೂಡ ಪೆಟ್ಟಿಗೆಯ ಹೊರಗೇ ಇರಲಿ, ಅದಕ್ಕೆ ಅದರದೇ ಸೆಲ್ಲು ಸಾಕು.

ವೋಲ್ಟೇಜು ಕಮ್ಮಿಯಾದರೆ ಯಂತ್ರ ಮಂದವಾಗಿ ಯೋಚಿಸುತ್ತದೆ ಎಂಬ ಮಾತು ಕೇಳಿಬರುತ್ತದೆ. ಹಾಗಾಗುವುದಿಲ್ಲ. ವೇಗ ನಿರ್ಧರಿಸುವುದು ಕ್ರಿಸ್ಟಲ್ ಅಥವಾ ರೆಸೊನೇಟರ್. ವೋಲ್ಟೇಜು ಇಳಿದರೆ 7805 ರೆಗ್ಯುಲೇಟರ್ 5 ವೋಲ್ಟ್ ಕೊಡಲಾರದೆ ಯಂತ್ರ ಹ್ಯಾಂಗ್ ಆಗುತ್ತದೆ, ಇಲ್ಲವೆ ತಾನೇ ರೀಸೆಟ್ ಆಗಿ ಹೊಸ ಆಟ ಶುರು ಮಾಡುತ್ತದೆ. 7805ಕ್ಕೆ ಕನಿಷ್ಠ 7 ವೋಲ್ಟ್ ಬೇಕು. ಆರು ರೀಚಾರ್ಜ್ ಸೆಲ್ಲು ಸೇರಿದರೆ 7.2 ಮಾತ್ರ. ಅರ್ಧ ಆಟಕ್ಕೆ ಕೈಕೊಡುವುದು ಅದಕ್ಕೇ.

ತುಕ್ಕು, ಒತ್ತುವ ಮನೆ, ರಬ್ಬರ್ ಕೀ

ಧಾರವಾಡದ ಮಳೆಗಾಲ ಕಂಡ ಯಂತ್ರಗಳ ಬ್ಯಾಟರಿ ಖಾನೆ ತೆಗೆದರೆ ಹಸಿರು, ಬಿಳಿ ಎರಡೂ ಪುಡಿ ಸಿಗುತ್ತದೆ. ಉಜ್ಜುವ ಮುನ್ನ ಯಾವ ಸೆಲ್ಲು ಸೋರಿದ್ದು ನೋಡಿ. ಆಲ್ಕಲೈನ್ ಸೆಲ್ಲಿನಿಂದ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅದಕ್ಕೆ ವಿನೆಗರ್ ಅಥವಾ ಲಿಂಬೆರಸ. ಗಡಿಯಾರ, ಟಾರ್ಚಿಗೆ ಹಾಕುವ ಅಗ್ಗದ ಝಿಂಕ್ ಕಾರ್ಬನ್ ಸೆಲ್ಲಿನಿಂದ ಬರುವುದು ಆಮ್ಲದ ಗುಣದ ಕ್ಲೋರೈಡು, ಅದಕ್ಕೆ ಅಡಿಗೆ ಸೋಡಾ ನೀರು. ಅದಲು ಬದಲಾದರೆ ಅನಾಹುತವೇನಿಲ್ಲ, ಕೊಳೆ ಮಾತ್ರ ಬಿಡದು. ಇಯರ್ ಬಡ್ಡಿನಲ್ಲಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ, ಕೊನೆಗೆ ನಯವಾದ ಪಾಲಿಶ್ ಪೇಪರ್. ನಿಕಲ್ ಲೇಪ ಪೂರ್ತಿ ಹೋದ ಸ್ಪ್ರಿಂಗಿಗೆ ತೆಳ್ಳಗೆ ಸೋಲ್ಡರ್ ಬಳಿದರೆ ಮುಂದಿನ ಮಳೆಗಾಲ ದಾಟುತ್ತದೆ. ಸೋರಿದ ರಸ ತಂತಿಯ ಪ್ಲಾಸ್ಟಿಕ್ ಒಳಗೇ ಏರಿ ತಾಮ್ರವನ್ನು ಕಪ್ಪಾಗಿಸುತ್ತದೆ. ಕಪ್ಪು ತಂತಿಗೆ ಸೋಲ್ಡರ್ ಹಿಡಿಯದು, ಆ ತುಂಡನ್ನೇ ಬದಲಿಸಿ.

ಒತ್ತುವ ಬೋರ್ಡಿನ ಒಳಗೆ ಇರುವುದು 8 ಅಡ್ಡ ಗೆರೆ, 8 ಉದ್ದ ಗೆರೆ. ಎರಡು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾರ್ಬನ್ ಅಥವಾ ಬೆಳ್ಳಿ ಶಾಯಿ, ನಡುವೆ ತೂತಿನ ಹಾಳೆ. ಒತ್ತಿದಾಗ ಒಂದಕ್ಕೊಂದು ತಾಗುತ್ತವೆ. ಯಾವ ಮನೆ ಕೇಳುತ್ತಿಲ್ಲ ಎಂದು 64ನ್ನೂ ಒತ್ತಿ ಕಾಗದದಲ್ಲಿ ಗುರುತಿಸಿದರೆ ರೋಗ ತಾನಾಗಿ ಕಾಣುತ್ತದೆ. ಒಂದೇ ಮನೆ ಸತ್ತಿದ್ದರೆ ಅಲ್ಲಿ ಕಸ ಕೂತಿದೆ ಅಥವಾ ಶಾಯಿ ಸವೆದಿದೆ. ಇಡೀ ಸಾಲು ಸತ್ತಿದ್ದರೆ ಮನೆಗಳ ತಪ್ಪಿಲ್ಲ, ಹಾಳೆಯ ಬಾಲ ಕನೆಕ್ಟರಿನಲ್ಲಿ ಸಡಿಲಾಗಿದೆ. ಬಾಲವನ್ನು ಹೊರಗೆಳೆದು, ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಒರೆಸಿ, ಬೆನ್ನಿಗೆ ಒಂದು ಪದರ ಟೇಪ್ ಅಂಟಿಸಿ ದಪ್ಪ ಮಾಡಿ ಮತ್ತೆ ತುರುಕಿ. ಆ ಶಾಯಿಗೆ ಸೋಲ್ಡರ್ ಐರನ್ ತಾಗಿಸಿದರೆ ಹಾಳೆ ಕರಗಿ ಬೋರ್ಡೇ ಹೋಯಿತು. ಮಲ್ಟಿಮೀಟರಿನಲ್ಲಿ ಒತ್ತಿದ ಮನೆ ಕೆಲವು ನೂರು ಓಮ್ ತೋರಿದರೆ ಚಿಂತೆ ಬೇಡ. ಹತ್ತಾರು ಕಿಲೋಓಮ್ ತೋರುವ ಮನೆ ಇವತ್ತು ಕೇಳುತ್ತದೆ, ನಾಳೆ ಕೇಳುವುದಿಲ್ಲ. ಅದನ್ನು ಟೂರ್ನಿಯ ಮುಂಚೆಯೇ ಬಿಚ್ಚಿ ಸರಿಮಾಡಿ.

ಕೀಪ್ಯಾಡಿನ ರಬ್ಬರ್ ಗುಂಡಿಗಳ ತಳದಲ್ಲಿ ಕಪ್ಪು ಕಾರ್ಬನ್ ಬಿಲ್ಲೆ ಇರುತ್ತದೆ. ಆಲ್ಕೋಹಾಲಿನಿಂದ ಒರೆಸಿದರೂ ಕೇಳದ ಗುಂಡಿಗೆ ಟಿವಿ ರಿಮೋಟಿಗೆ ಮಾಡುವ ಉಪಾಯವೇ: ಅಲ್ಯುಮಿನಿಯಂ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಅಂಟಿಸುವುದು. ಎಲ್‌ಸಿಡಿಯಲ್ಲಿ ಅಂಕಿಯ ಒಂದೊಂದು ಗೀಟು ಮಾಯವಾಗಿದ್ದರೆ ಗಾಜಿನ ಕೆಳಗಿನ ಝೀಬ್ರಾ ರಬ್ಬರ್ ಪಟ್ಟಿಯನ್ನು ಒರೆಸಿ ಸ್ಕ್ರೂ ಸಮನಾಗಿ ಬಿಗಿ ಮಾಡಿ. ಇಲ್ಲಿ ಗೀಟು ಮಾಯವಾಗುವುದು ತಮಾಷೆಯಲ್ಲ. 8ರ ನಡುಗೀಟು ಹೋದರೆ 0, 6ರ ಎಡಗೆಳಗಿನ ಗೀಟು ಹೋದರೆ 5. ಎಫ್5 ಎಂದು ಓದಿದ್ದು ಎಫ್6 ಆಗಿದ್ದರೆ ಮುಂದೆ ಎರಡು ಯಂತ್ರ ಎರಡು ಬೇರೆ ಆಟ ಆಡುತ್ತಿರುತ್ತವೆ.

ಸೈಟೆಕ್ ಯಂತ್ರಗಳ ತಳದಲ್ಲಿ ಎಸಿಎಲ್ ಎಂದು ಬರೆದ ಸಣ್ಣ ತೂತು ಇದೆ. ಡಿಸ್‌ಪ್ಲೇ ಹೆಪ್ಪುಗಟ್ಟಿ ಯಾವ ಕೀಲಿಯೂ ಕೇಳದಿದ್ದರೆ ಬಿಚ್ಚುವ ಮೊದಲು ಪೇಪರ್ ಕ್ಲಿಪ್ಪಿನ ತುದಿಯಿಂದ ಅದನ್ನು ಒತ್ತಿ ಎರಡು ಸೆಕೆಂಡ್ ಹಿಡಿಯಿರಿ. ಸತ್ತಿದೆ ಎಂದು ಮೂಲೆಗಿಟ್ಟ ಎಷ್ಟೋ ಯಂತ್ರ ಇಷ್ಟಕ್ಕೇ ಎದ್ದು ಕೂರುತ್ತವೆ.

ಮೇಜಿನ ಮೇಲೆ ಜಮಖಾನೆ ಹಾಸಬೇಡಿ, ನವಲಗುಂದದ್ದೇ ಆದರೂ. ತಳ ಮೆತ್ತಗಿದ್ದರೆ ಒತ್ತಿದಾಗ ಡಬ್ಬಿ ಬಾಗುತ್ತದೆ, ಪಕ್ಕದ ಮನೆಯೂ ತಾಗುತ್ತದೆ. ಗಟ್ಟಿ ಹಲಗೆ ಇರಲಿ.

ಸಮಯ ಸಮ ಮಾಡುವುದು

ಕೆಲಸದ ತಿರುಳು ಇರುವುದು ಇಲ್ಲಿ. ಒಂದರ ಲೆವೆಲ್ 4 ಇನ್ನೊಂದರ ಲೆವೆಲ್ 4ಕ್ಕೆ ಸಮವಲ್ಲ. ಚಾಲೆಂಜರ್ 7ಕ್ಕೆ ಏಳು ಲೆವೆಲ್, ಜಿಕೆ 2000ಕ್ಕೆ 64. ಲೆವೆಲ್ಲುಗಳಲ್ಲಿ ಮುಖ್ಯವಾಗಿ ಮೂರು ಜಾತಿ: ಸರಾಸರಿ ಇಷ್ಟು ಸೆಕೆಂಡಿಗೆ ಒಂದು ನಡೆ, ಇಷ್ಟು ನಡೆಗೆ ಇಷ್ಟು ಗಂಟೆ, ಇಷ್ಟೇ ಆಳ (ಮುಂದಿನ ಇಷ್ಟು ನಡೆ ತನಕ ಮಾತ್ರ ನೋಡುವುದು). ಆಳದ ಲೆವೆಲ್ಲನ್ನು ಟೂರ್ನಿಗೆ ಮುಟ್ಟಬೇಡಿ. ಕಾಯಿ ತುಂಬಿದ ನಡು ಆಟದಲ್ಲಿ ಅದು ಒಂದು ನಡೆಗೆ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ, ಕಾಯಿ ಕಡಿಮೆಯಾದ ಕೊನೆಯಲ್ಲಿ ಒಂದೇ ಸೆಕೆಂಡಿಗೆ ನಡೆ ಎಸೆಯುತ್ತದೆ. ಆಳ ಬೇಕಾಗುವುದೇ ಆ ಕೊನೆಯ ಹೊತ್ತಿನಲ್ಲಿ.

ಸ್ವೀಡನ್ನಿನ ಎಸ್‌ಎಸ್‌ಡಿಎಫ್ ಎಂಬ ಚೆಸ್ ಕಂಪ್ಯೂಟರ್ ರೇಟಿಂಗ್ ಪಟ್ಟಿಯವರು ಆಡಿಸುವುದು 2 ಗಂಟೆಗೆ 40 ನಡೆಯ ಲೆಕ್ಕದಲ್ಲಿ. ಕೈಯಿಂದ ನಡೆ ದಾಟಿಸುವ ಮನೆ ಟೂರ್ನಿಗೆ ಅದು ಹೊರಲಾಗದ ಭಾರ. ನಡೆಗೆ ಸರಾಸರಿ 30 ಸೆಕೆಂಡ್ ಸಾಕು. 60 ನಡೆಯ ಆಟ ಎಂದರೆ ಎರಡೂ ಕಡೆಯ 120 ನಡೆಗೆ 60 ನಿಮಿಷ, ಪ್ರತಿ ನಡೆ ದಾಟಿಸಲು 7 ಸೆಕೆಂಡಿನಂತೆ ಇನ್ನು 14 ನಿಮಿಷ. ಒಟ್ಟು ಒಂದೂಕಾಲು ಗಂಟೆ. ನಾಲ್ಕು ಯಂತ್ರ, ಪ್ರತಿ ಜೋಡಿಗೆ ಬಿಳಿ ಒಮ್ಮೆ ಕಪ್ಪು ಒಮ್ಮೆ ಎಂದರೆ 12 ಆಟ, 15 ಗಂಟೆ. ಎರಡು ಮೇಜಿನಲ್ಲಿ ಜೊತೆಜೊತೆಗೆ ಆಡಿಸಿದರೆ ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆ.

ಕೈಪಿಡಿಯಲ್ಲಿ 30 ಸೆಕೆಂಡ್ ಎಂದು ಬರೆದದ್ದನ್ನು ನಂಬದೆ ಅಳೆಯಿರಿ. ಬುಕ್ ಮುಗಿದ ನಂತರದ 20 ನಡೆ, ಫೋನಿನ ಸ್ಟಾಪ್‌ವಾಚ್, ಒಟ್ಟು ಸೆಕೆಂಡನ್ನು 20ರಿಂದ ಭಾಗಿಸಿ. ಬುಕ್ಕಿನ ನಡೆಗಳನ್ನು ಸೇರಿಸಿದರೆ ಲೆಕ್ಕ ಹಾಳಾಗುತ್ತದೆ, ಅವು ಸೊನ್ನೆ ಸೆಕೆಂಡಿನವು. ಅಷ್ಟೇ ಅಲ್ಲ, ಕೆಲವು ಯಂತ್ರ ಬುಕ್ಕಿನಲ್ಲಿ ಉಳಿಸಿದ ಸಮಯವನ್ನು ಆಮೇಲೆ ಖರ್ಚು ಮಾಡುತ್ತವೆ. ಅಂಥದರ ಮೊದಲ ಸ್ವಂತ ನಡೆ ಎರಡು ನಿಮಿಷ ಹಿಡಿದರೂ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡು ಯಂತ್ರದ ಸರಾಸರಿ ನೂರಕ್ಕೆ 20ರೊಳಗೆ ಇದ್ದರೆ ಸಾಕು. ಸಮಯ ದುಪ್ಪಟ್ಟಾದರೆ ಶಕ್ತಿ 50ರಿಂದ 70 ಎಲೋ (ಆಟದ ಬಲ ಅಳೆಯುವ ರೇಟಿಂಗ್ ಅಂಕ) ಏರುತ್ತದೆ ಎಂಬ ಹಳೆಯ ಲೆಕ್ಕದಂತೆ, 20 ಪ್ರತಿಶತದ ವ್ಯತ್ಯಾಸ 15 ಎಲೋ ಆಸುಪಾಸು. ಅಷ್ಟನ್ನು ಇಂಥ ಟೂರ್ನಿ ಹೇಗೂ ಅಳೆಯಲಾರದು.

ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಹಳೆಯ ಯಂತ್ರಕ್ಕೆ ಹೆಚ್ಚು ಸಮಯ ಕೊಟ್ಟು ಸರಿಗಟ್ಟಿಸೋಣ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. 500 ಎಲೋ ಅಂತರ ಮುಚ್ಚಲು ಸಮಯವನ್ನು ಎಂಟು ಸಲ ದುಪ್ಪಟ್ಟು ಮಾಡಬೇಕು, ಅಂದರೆ 256 ಪಟ್ಟು. ಹೊಸದು 5 ಸೆಕೆಂಡಿಗೆ ಆಡಿದರೆ ಹಳೆಯದಕ್ಕೆ ನಡೆಗೆ 21 ನಿಮಿಷ! ಅದಕ್ಕಿಂತ ಚಾಲೆಂಜರ್ ಮತ್ತು ಚೆಸ್‌ಜೀನಿಯಸ್ ಆಟವನ್ನು ಪ್ರದರ್ಶನಕ್ಕೆ ಬಿಟ್ಟು, ನಿಜವಾದ ಪಂದ್ಯವನ್ನು ಹತ್ತಿರದ ಜೋಡಿಗಳಲ್ಲಿ ನೋಡುವುದು ವಾಸಿ.

ಎದುರಾಳಿಯ ಸಮಯದಲ್ಲೂ ಯೋಚಿಸುವ ಗುಣ ಸದ್ದಿಲ್ಲದೆ ಪಂದ್ಯ ಕೆಡಿಸುವ ಸಂಗತಿ. ಒಂದು ಯಂತ್ರಕ್ಕೆ ಅದು ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಎದುರಾಳಿಯ ನಡೆಯನ್ನು ಸರಿಯಾಗಿ ಊಹಿಸಿದಾಗಲೆಲ್ಲ ಮೊದಲನೆಯದಕ್ಕೆ ಸುಮಾರು ದುಪ್ಪಟ್ಟು ಸಮಯ. ಮೇಲಾಗಿ ನಡೆ ದಾಟಿಸುವವರು ಚಹಾ ಕುಡಿಯಲು ಎದ್ದರೆ ಆ ಹೊತ್ತೂ ಅದರ ಖಾತೆಗೇ ಹೋಗುತ್ತದೆ. ಸೈಟೆಕ್ಕಿನಲ್ಲಿ ‘ಈಸಿ’ ಎಂಬ ಆಯ್ಕೆ ಇದೆ. ಹೆಸರು ನೋಡಿ ಸುಲಭದ ಲೆವೆಲ್ ಎಂದು ತಿಳಿಯಬೇಡಿ, ಎದುರಾಳಿಯ ಸರದಿಯಲ್ಲಿ ಯೋಚಿಸುವುದನ್ನು ನಿಲ್ಲಿಸುವ ಗುಂಡಿ ಅದು. ನಿಲ್ಲಿಸಲು ಬರುವ ಯಂತ್ರಗಳಲ್ಲೆಲ್ಲ ನಿಲ್ಲಿಸಿ. ಬಾರದ ಯಂತ್ರ ಇದ್ದರೆ ಆ ಆಟದ ಪಕ್ಕದಲ್ಲಿ ಬರೆದಿಡಿ.

ನಡೆ ದಾಟಿಸುವ ಕ್ರಮ

ಒಂದು ಆಟಕ್ಕೆ ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ಯಂತ್ರ. ನಡುವೆ ಮೂರನೆಯ ಸಾದಾ ಬೋರ್ಡ್. ಯಂತ್ರಗಳ ನಡುವೆ ತಕರಾರು ಬಂದಾಗ ಸಾಕ್ಷಿ ಹೇಳುವುದು ಅದೇ. ಕ್ರಮ ಹೀಗೆ: ಯಂತ್ರ ನಡೆ ತೋರಿಸಿದ ಕೂಡಲೇ ಜೋರಾಗಿ ಓದಿ, ಅದೇ ಯಂತ್ರದ ಮೇಲೆ ಆ ನಡೆ ಪೂರ್ತಿ ಮಾಡಿ, ಸಾದಾ ಬೋರ್ಡಿನಲ್ಲಿ ಸರಿಸಿ, ಆಮೇಲೆ ಎದುರಿನವರು ತಮ್ಮ ಯಂತ್ರಕ್ಕೆ ಕೊಡಲಿ. ಈ ಅನುಕ್ರಮ ತಪ್ಪಿಸಬೇಡಿ. ಮೊದಲು ಎದುರಿನ ಯಂತ್ರಕ್ಕೆ ಕೊಟ್ಟರೆ ಅದು ಕೂಡಲೇ ಉತ್ತರಿಸಬಹುದು, ಆಗ ಎರಡು ನಡೆ ಬಾಕಿ ಬಿದ್ದು ಗಲಿಬಿಲಿ.

ಓದುವಾಗ ಬಿ, ಸಿ, ಡಿ, ಇ, ಜಿ ಐದೂ ಫ್ಯಾನಿನ ಸದ್ದಿನಲ್ಲಿ ಒಂದೇ ಥರ ಕೇಳುತ್ತವೆ. ಊರಿನ ಹೆಸರು ಹೇಳಿ: ಬ್ಯಾಡಗಿ, ಚಿಕ್ಕೋಡಿ, ಧಾರವಾಡ, ಇಳಕಲ್, ಗದಗ. ‘ಗದಗ ಒಂದರಿಂದ ಎಫ್ ಮೂರು’ ಎಂದರೆ ಯಾರೂ ತಪ್ಪುವುದಿಲ್ಲ. ಎ, ಎಫ್, ಎಚ್ ಇದ್ದಂತೆ ಇರಲಿ.

ಜಿಕೆ 2000 ಬಿಳಿ, ಎದುರಿಗೆ ಚಾಲೆಂಜರ್ ಎಂದುಕೊಳ್ಳಿ. ಜಿಕೆ ಕ್ಯಾಸ್ಲಿಂಗ್ ಮಾಡಲು ಹೊರಟಿದೆ. ಅಂಚಿನ ಎಲ್‌ಇಡಿಗಳು ಇ ಮತ್ತು 1ನ್ನು ಬೆಳಗುತ್ತವೆ. ರಾಜನಿಂದಲೇ ಇ1 ಒತ್ತಿ, ಜಿ1 ಒತ್ತಿ. ನಡೆ ಇನ್ನೂ ಮುಗಿದಿಲ್ಲ. ಎಚ್1, ಎಫ್1 ಬೆಳಗುವ ತನಕ ಕಾದು ಆನೆಯನ್ನೂ ಒತ್ತಿ ಸರಿಸಬೇಕು. ರಾಜನನ್ನು ಇಟ್ಟು ಸುಮ್ಮನಾದರೆ ಯಂತ್ರ ಆನೆಗಾಗಿ ಕಾಯುತ್ತಲೇ ಇರುತ್ತದೆ, ನೋಡುವವರಿಗೆ ಆಳವಾಗಿ ಯೋಚಿಸುತ್ತಿದೆ ಎನಿಸುತ್ತದೆ. ಚಾಲೆಂಜರಿಗೆ ಮಾತ್ರ ಇ1, ಜಿ1 ಕೀ ಒತ್ತಿ ಎಂಟರ್ ಕೊಟ್ಟರೆ ಮುಗಿಯಿತು. ಆನೆಯನ್ನು ಅದು ತಲೆಯೊಳಗೇ ಸರಿಸಿಕೊಂಡಿರುತ್ತದೆ, ಬೋರ್ಡಿನ ಮೇಲಿನ ಆನೆ ಸರಿಸುವುದು ನಿಮ್ಮ ಕೆಲಸ. ಎನ್‌ಪಾಸಾನ್ ಹೊಡೆತದಲ್ಲೂ (ಎರಡು ಮನೆ ಜಿಗಿದ ಪ್ಯಾದೆಯನ್ನು ಪಕ್ಕದ ಪ್ಯಾದೆ ಹೊಡೆಯುವುದು) ಇದೇ: ಸೆನ್ಸರ್ ಬೋರ್ಡಿನಲ್ಲಿ ಸತ್ತ ಪ್ಯಾದೆಯ ಮನೆಯನ್ನೂ ಒತ್ತಬೇಕು, ಕೀಪ್ಯಾಡಿನದರಲ್ಲಿ ಪ್ಯಾದೆಯನ್ನು ಕೈಯಿಂದ ತೆಗೆಯಬೇಕು.

ಒಂದು ಯಂತ್ರ ಎದುರಾಳಿಯ ನಡೆಯನ್ನು ಒಪ್ಪದೆ ಬೀಪ್ ಮಾಡಿದರೆ ಯಂತ್ರದ ಮೇಲೆ ಅನುಮಾನ ಪಡುವ ಮುನ್ನ ಸಾದಾ ಬೋರ್ಡಿಗೆ ಎರಡನ್ನೂ ಹೋಲಿಸಿ. ಬಹುಪಾಲು ಹಿಂದೆ ಎಲ್ಲೋ ಒಂದು ಮನೆ ಪಕ್ಕಕ್ಕೆ ಒತ್ತಿರುತ್ತದೆ. ನಡೆಯನ್ನು ಹಿಂದೆಗೆಯುವ ಕೀ ಇದ್ದರೆ ಹಿಂದಕ್ಕೆ ಹೋಗಿ. ಇಲ್ಲದಿದ್ದರೆ ಹೊಸ ಆಟ ಮಾಡಿ ಎಲ್ಲ ನಡೆಯನ್ನೂ ಮೊದಲಿನಿಂದ ತುಂಬಿ. ಸೈಟೆಕ್ಕಿನಲ್ಲಿ ‘ನಾನ್ ಆಟೊ’ ಹಾಕಿದರೆ ಯಂತ್ರ ಉತ್ತರಿಸದೆ ಎರಡೂ ಕಡೆಯ ನಡೆ ತೆಗೆದುಕೊಳ್ಳುತ್ತದೆ. ಕಾಯಿಗಳ ಸ್ಥಾನವನ್ನಷ್ಟೇ ಜೋಡಿಸಿ ಮುಂದುವರಿಸುವ ಅಡ್ಡದಾರಿ ಬೇಡ. ರಾಜ ಆಗಲೇ ಅಲುಗಿದ್ದನೇ, ಇದೇ ಸ್ಥಾನ ಹಿಂದೆ ಬಂದಿತ್ತೇ ಎಂಬುದು ಯಂತ್ರಕ್ಕೆ ಆಗ ತಿಳಿಯುವುದಿಲ್ಲ.

ಪ್ಯಾದೆ ಕೊನೆಯ ಮನೆ ಮುಟ್ಟಿದಾಗ ಹಳೆಯ ಯಂತ್ರಗಳು ಮಂತ್ರಿ ಬಿಟ್ಟು ಬೇರೆ ಕೇಳದಿರಬಹುದು. ಎದುರಿನದು ಕುದುರೆ ಮಾಡಿಕೊಂಡರೆ ಆಗ ಮಾತ್ರ ಸ್ಥಾನ ಜೋಡಿಸುವ ದಾರಿ ಹಿಡಿಯಬೇಕು. ಡ್ರಾ ತರುವ ಮೂರು ಸಲ ಒಂದೇ ಸ್ಥಾನ, 50 ನಡೆಯ ನಿಯಮ (ಪ್ಯಾದೆ ಅಲುಗದೆ, ಹೊಡೆತ ಇಲ್ಲದೆ 50 ನಡೆ) ಎರಡನ್ನೂ ಯಂತ್ರಕ್ಕೆ ಬಿಡದೆ ಬರೆದ ಹಾಳೆಯಿಂದ ನೀವೇ ಎಣಿಸಿ.

ಒಂದೇ ಆಟ ಮತ್ತೆ ಮತ್ತೆ

ಹಳೆಯ ಯಂತ್ರಗಳಲ್ಲಿ ಯಾದೃಚ್ಛಿಕತೆ ಕಡಿಮೆ. ಅದೇ ಲೆವೆಲ್, ಅದೇ ಬಣ್ಣ ಕೊಟ್ಟರೆ ಎರಡನೆಯ ಆಟ ಮೊದಲನೆಯದರ ನಕಲಾಗಿ ಬರಬಹುದು. ಆರಂಭವನ್ನು ನೀವೇ ಕಟ್ಟಿಕೊಟ್ಟು, ಒಂದೇ ಆರಂಭವನ್ನು ಎರಡೂ ಬಣ್ಣದಿಂದ ಆಡಿಸಿ. ಮೂರು ಮೂರು ನಡೆ ಸಾಕು. ಇಟಾಲಿಯನ್: ಇ2-ಇ4 ಇ7-ಇ5, ಜಿ1-ಎಫ್3 ಬಿ8-ಸಿ6, ಎಫ್1-ಸಿ4 ಎಫ್8-ಸಿ5. ಫ್ರೆಂಚ್: ಇ2-ಇ4 ಇ7-ಇ6, ಡಿ2-ಡಿ4 ಡಿ7-ಡಿ5, ಬಿ1-ಸಿ3 ಜಿ8-ಎಫ್6. ಕ್ವೀನ್ಸ್ ಗ್ಯಾಂಬಿಟ್: ಡಿ2-ಡಿ4 ಡಿ7-ಡಿ5, ಸಿ2-ಸಿ4 ಇ7-ಇ6, ಬಿ1-ಸಿ3 ಜಿ8-ಎಫ್6. ಇಟಾಲಿಯನ್ನಿನ ಬಯಲು ಆಟದಲ್ಲಿ ಸೂಪರ್ ಕಾನ್‌ಸ್ಟಲೇಷನ್ ಕೈಗೆ ದಾಳಿಗೆ ದಾರಿ ಸಿಗುತ್ತದೆ. ಫ್ರೆಂಚಿನಂಥ ಮುಚ್ಚಿದ ಆಟದಲ್ಲಿ ಎಲ್ಲ ಹಳೆಯ ಯಂತ್ರಗಳೂ ಕುದುರೆಯನ್ನು ಹಿಂದೆ ಮುಂದೆ ಓಡಾಡಿಸುತ್ತವೆ, ಪ್ಯಾದೆ ತಳ್ಳುವ ದೂರದ ಯೋಜನೆ ಅವುಗಳ ಆಳಕ್ಕೆ ಎಟುಕದು. ನೋಡುವವರಿಗೆ ರಂಜನೆ ಬೇಕಾದರೆ ಇಟಾಲಿಯನ್ ಜಾಸ್ತಿ ಇಡಿ.

ಕೊನೆಯಾಟದಲ್ಲಿ ತೀರ್ಪು ಕೊಡುವ ಆತುರ ಬೇಡ. ರಾಜ ಮತ್ತು ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಮೇಟ್ ಮಾಡಲಾರದೆ 50 ನಡೆ ಸುತ್ತುವ ಯಂತ್ರ ಇದ್ದರೆ ಅದಕ್ಕೆ ಡ್ರಾ ಸಲ್ಲಬೇಕಾದದ್ದೇ. ಗೆಲುವು ದಯಪಾಲಿಸಿದರೆ ಆ ಅಂಕ ಯಂತ್ರ ದುಡಿದದ್ದಾಗುವುದಿಲ್ಲ. ಹೊತ್ತು ಮೀರಿ ನಿಲ್ಲಿಸಲೇಬೇಕಾದಾಗ ಮಾತ್ರ, ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಇದ್ದರೆ ಚೆಸ್ ಜಾಲತಾಣ ಲಿಚೆಸ್‌ನ ಸಿಝಿಜಿ ಟೇಬಲ್‌ಬೇಸಿನಲ್ಲಿ (ಕೊನೆಯಾಟದ ಫಲಿತಾಂಶ ಲೆಕ್ಕ ಹಾಕಿಟ್ಟ ಕೋಶ) ಸ್ಥಾನ ಹಾಕಿ ನೋಡಿ, ಅದು ಹೇಳಿದ್ದೇ ಅಂತಿಮ.

ಆಟಗಳನ್ನು ಪಿಜಿಎನ್ (ಚೆಸ್ ನಡೆ ಬರೆದಿಡುವ ಕಂಪ್ಯೂಟರ್ ಕಡತ) ಆಗಿ ಬರೆದಿಡುವಾಗ ಯಂತ್ರದ ಹೆಸರಿನ ಜೊತೆ ಲೆವೆಲ್, ಅಳೆದ ಸರಾಸರಿ ಸೆಕೆಂಡ್, ಈಸಿ ಹಾಕಿತ್ತೋ ಇಲ್ಲವೋ, ಬುಕ್ ತೆರೆದಿತ್ತೋ ಮುಚ್ಚಿತ್ತೋ ಎಲ್ಲ ಸೇರಿಸಿ. ಬರೀ 1-0 ಇದ್ದರೆ ಮುಂದಿನ ವರ್ಷ ಆ ಹಾಳೆಯಿಂದ ಏನೂ ತಿಳಿಯದು. ಡಬ್ಬಿಯ ಮೇಲೆ ಅಚ್ಚಾದ ರೇಟಿಂಗನ್ನು ಲೆಕ್ಕಕ್ಕೆ ತರಬೇಡಿ, ಅದು ಮಾರಾಟಕ್ಕೆ ಬರೆದದ್ದು. ಸ್ವಂತ ಪಟ್ಟಿ ಮಾಡುವುದಾದರೆ ಅಂಕದ ಪ್ರತಿಶತವನ್ನು ಎಲೋ ಅಂತರಕ್ಕೆ ತಿರುಗಿಸಿ: 64 ಪ್ರತಿಶತ ಎಂದರೆ 100, 76 ಎಂದರೆ 200, 91 ಎಂದರೆ 400. ಎರಡು ಯಂತ್ರ ಹತ್ತು ಆಟ ಆಡಿ 6-4 ಬಂದರೆ 70 ಎಲೋ ಮೇಲು ಎಂದು ಬರುತ್ತದೆ. ಆದರೆ ಎರಡು ಡ್ರಾ ಇರುವ ಅಂಥ ಹತ್ತು ಆಟದಲ್ಲಿ ಲೆಕ್ಕದ ಅನಿಶ್ಚಿತತೆ ಆಚೀಚೆ ಸುಮಾರು 200ರ ತನಕ ಹೋಗುತ್ತದೆ. ಆ 6-4ರಿಂದ ಯಾರು ಮೇಲು ಎಂದು ಹೇಳಲು ಬರುವುದಿಲ್ಲ. ಅನಿಶ್ಚಿತತೆ ಅರ್ಧಕ್ಕೆ ಇಳಿಯಬೇಕಾದರೆ ಆಟ ನಾಲ್ಕು ಪಟ್ಟು ಬೇಕು. ಅದಕ್ಕೇ ಒಂದೇ ಭಾನುವಾರದ ಫಲಿತಾಂಶವನ್ನು ಪಟ್ಟಿ ಎನ್ನದೆ, ಲೆವೆಲ್ ಮತ್ತು ಆರಂಭ ಬದಲಿಸದೆ ಆಟ ಕೂಡಿಸುತ್ತ ಹೋಗಬೇಕು.

ಎತ್ತಿಡುವಾಗ ಸೆಲ್ಲು ಹೊರಗೆ ತೆಗೆಯಿರಿ, ಮಿನಿ ಯುಪಿಎಸ್ಸನ್ನು ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಯಂತ್ರದ ಜೊತೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಪ್ಲಾಸ್ಟಿಕ್ ಚೀಲ ಕಟ್ಟಿ. ಪೆಟ್ಟಿಗೆಯಿಂದ ಹೊರಟ ಒಂದೊಂದು ತಂತಿಗೂ ಯಂತ್ರದ ಹೆಸರು, ವೋಲ್ಟೇಜು, ನಡುಪಿನ್ನು ಪ್ಲಸ್ಸೋ ಮೈನಸ್ಸೋ ಎಂದು ಬರೆದ ಮಾಸ್ಕಿಂಗ್ ಟೇಪ್ ಸುತ್ತಿ. ಬರೆಯಲು ಪರ್ಮನೆಂಟ್ ಮಾರ್ಕರ್ ಬಳಸಿ, ಬಾಲ್ ಪೆನ್ನಿನ ಶಾಯಿ ಆ ಟೇಪಿನ ಮೇಲೆ ಒಂದು ಮಳೆಗಾಲಕ್ಕೇ ಹರಡುತ್ತದೆ.